ಜಾರ್‌ನ ತಳದಲ್ಲಿರುವ ತೂತು

9 ಮಾರ್ಚ್ 2025, ಭಾನುವಾರ

ನಮ್ಮ ಬ್ಲೆಂಡರ್ ಕೆಟ್ಟು ಇವತ್ತಿಗೆ ನಾಲ್ಕು ದಿನ. ಬುಧವಾರ ಬೆಳಿಗ್ಗೆ ಸ್ವಿಚ್ ಒತ್ತಿದಾಗ ಗುಂಯ್ ಅಂತ ಸದ್ದು ಬಂತು, ಬ್ಲೇಡ್ ಮಾತ್ರ ತಿರುಗಲಿಲ್ಲ. ಮರುಕ್ಷಣವೇ ಸುಟ್ಟ ವಾಸನೆ. ಪ್ಲಗ್ ಕಿತ್ತುಬಿಟ್ಟೆ. ಅದನ್ನು ತಂದು ಮೂರು ವರ್ಷವೂ ಆಗಿರಲಿಲ್ಲ. ತರುವಾಗ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿದ್ದ ವಾಟ್ ನೋಡಿ ಆರಿಸಿದ್ದೆ. ವಾಟ್ ಜಾಸ್ತಿ ಇದ್ದರೆ ಜಾಸ್ತಿ ದಿನ ಬರುತ್ತದೆ ಅಂದುಕೊಂಡಿದ್ದೆ.

ಹೊಸದನ್ನು ಆರಿಸುವ ಮೊದಲು ಹಳೆಯದು ಯಾಕೆ ಹೋಯಿತು ಅಂತ ಗೊತ್ತಾಗಬೇಕಿತ್ತು. ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅವರು ಮೋಟಾರ್ ವೈಂಡಿಂಗ್ ಕೆಲಸದಲ್ಲೇ ಬದುಕು ಕಳೆದವರು. "ಬಿಸಾಕಬೇಡ. ಭಾನುವಾರ ಬರ್ತೀನಿ, ಬಿಚ್ಚಿ ನೋಡೋಣ" ಅಂದರು.

ಇವತ್ತು ಬಂದರು. ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ ಎಲ್ಲ ಜೋಡಿಸಿಟ್ಟಿದ್ದೆ. ನಾನು ಮೋಟಾರ್ ಇರುವ ಭಾಗವನ್ನು ಮುಂದೆ ತಳ್ಳಿದರೆ ಅವರು ಕೈ ಹಾಕಿದ್ದು ಖಾಲಿ ಜಾರ್‌ಗೆ. ಅದನ್ನು ಮಗುಚಿ, ತಳದ ಕಪ್ಲರ್ (ಮೋಟಾರ್‌ನ ತಿರುಗಾಟವನ್ನು ಬ್ಲೇಡ್‌ಗೆ ದಾಟಿಸುವ ಜೋಡಣೆ) ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಿದರು. ಟಕ್ ಟಕ್ ಅಂತ ಸಡಿಲವಾಗಿ ಅಲ್ಲಾಡಿತು. ಸುತ್ತಲೂ ಕಂದು ಬಣ್ಣದ ಕಲೆ.

"ಇದು ಎಷ್ಟು ದಿನದಿಂದ ಸೋರ್ತಾ ಇದೆ?"

"ಆರು ತಿಂಗಳಾಯ್ತೇನೋ ಚಿಕ್ಕಪ್ಪ. ಎರಡು ಮೂರು ಹನಿ ಅಷ್ಟೇ. ಒರೆಸಿಬಿಡ್ತಿದ್ದೆ."

"ಆ ಎರಡು ಮೂರು ಹನಿಯೇ ಮೋಟಾರ್ ತಿಂದಿರೋದು ನೋಡು" ಅಂದರು.

ಆಮೇಲೆ ಅಡಿಯ ಸ್ಕ್ರೂ ಬಿಚ್ಚಲು ಹೋದರು. ಮೂರು ಸ್ಕ್ರೂ ಮಾಮೂಲಿ. ನಾಲ್ಕನೆಯದರ ತಲೆಯಲ್ಲಿ ತ್ರಿಕೋನದ ಗುಂಡಿ. ಮನೆಯಲ್ಲಿರುವ ಯಾವ ಸ್ಕ್ರೂಡ್ರೈವರ್ ಕೂಡ ಅದಕ್ಕೆ ಕೂರುವುದಿಲ್ಲ. ಚಿಕ್ಕಪ್ಪನ ಚೀಲದಲ್ಲಿ ಅದಕ್ಕೆ ಬೇಕಾದ ಬಿಟ್ ಇತ್ತು, ಸರಿ ಹೋಯಿತು. ಆದರೆ ಆ ಒಂದು ಸ್ಕ್ರೂ ನೋಡಿ ನನಗೆ ಬೇಜಾರಾಯಿತು. ಕೊಂಡವರು ಇದನ್ನು ಬಿಚ್ಚಬಾರದು ಅಂತಲೇ ಹಾಕಿದ ಸ್ಕ್ರೂ ಅದು. ಮುಂದೆ ಏನೇ ತಂದರೂ ಮೊದಲು ಅಡಿ ತಿರುಗಿಸಿ ಸ್ಕ್ರೂ ನೋಡುತ್ತೇನೆ.

ಒಳಗೆ ಕಂಡದ್ದನ್ನು ಇಲ್ಲಿ ಬರೆದಿಡುತ್ತೇನೆ. ಜಾರ್‌ನಿಂದ ಸೋರಿದ ಹನಿ ಕಪ್ಲರ್ ಮೇಲೆ ಬಿದ್ದಿದೆ. ಯಂತ್ರ ತಿರುಗುವಾಗ ಅದರಲ್ಲಿ ಅರ್ಧ ಹೊರಗೆ ಸಿಡಿದಿದೆ, ಉಳಿದದ್ದು ಮೋಟಾರ್‌ನ ಶಾಫ್ಟ್, ಅಂದರೆ ತಿರುಗುವ ಕಂಬಿ, ಹಿಡಿದು ಕೆಳಗೆ ಇಳಿದಿದೆ. ಅಲ್ಲಿ ಶಾಫ್ಟನ್ನು ಹಿಡಿದಿರುವ ಮೇಲಿನ ಬುಷ್, ಅಂದರೆ ಲೋಹದ ಬಳೆ, ಇದೆ. ಅದರಲ್ಲಿದ್ದ ಎಣ್ಣೆ ತೊಳೆದುಹೋಗಿ ತುಕ್ಕು ಹಿಡಿದಿದೆ. ಶಾಫ್ಟ್ ದಿನದಿಂದ ದಿನಕ್ಕೆ ಬಿಗಿಯಾಗಿದೆ. ಬಿಗಿಯಾದ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಜಾಸ್ತಿ ಬಿಸಿಯಾಗುತ್ತದೆ. ಬುಧವಾರ ಶಾಫ್ಟ್ ಪೂರ್ತಿ ಕಚ್ಚಿಕೊಂಡಿದೆ, ಕಾಯಿಲ್ ಸುಟ್ಟಿದೆ.

ನನ್ನ ಮನಸ್ಸು ಹಿಂಡಿದ್ದು ಕಾರ್ಬನ್ ಬ್ರಷ್. ಮೋಟಾರ್‌ನಲ್ಲಿ ಸಹಜವಾಗಿ ಸವೆಯಬೇಕಾದ ವಸ್ತು ಅದೇ. ತಿರುಗುವ ಆರ್ಮೇಚರ್‌ನ ತಾಮ್ರದ ಪಟ್ಟಿಗಳಿಗೆ ಉಜ್ಜಿಕೊಂಡೇ ಕರೆಂಟ್ ಕೊಡುವ ಎರಡು ಪುಟ್ಟ ಕಾರ್ಬನ್ ತುಂಡುಗಳು. ಚಿಕ್ಕಪ್ಪ ಅದನ್ನು ತೆಗೆದು ನನ್ನ ಅಂಗೈ ಮೇಲಿಟ್ಟರು. ಮುಕ್ಕಾಲು ಪಾಲು ಹಾಗೇ ಇತ್ತು. ಮೋಟಾರ್‌ಗೆ ಇನ್ನೂ ಎಷ್ಟೋ ವರ್ಷದ ಆಯಸ್ಸಿತ್ತು ಅಂತ ಅರ್ಥ. ಅದನ್ನು ಮುಗಿಸಿದ್ದು ಜಾರ್ ತಳದ ಒಂದು ರಬ್ಬರ್ ಸೀಲ್. ಅದನ್ನು ಬದಲಾಯಿಸೋಣ ಅಂದರೆ ಈ ಜಾರ್‌ನಲ್ಲಿ ಬ್ಲೇಡ್ ಭಾಗವನ್ನು ಬಿಚ್ಚಲು ಬರುವುದಿಲ್ಲ, ಒತ್ತಿ ಕೂರಿಸಿಬಿಟ್ಟಿದ್ದಾರೆ. ಇಡೀ ಜಾರ್ ಹೊಸದು ಬೇಕು. ಆ ಮಾಡೆಲ್‌ನ ಜಾರ್ ಈಗ ಎಲ್ಲೂ ಸಿಗುತ್ತಿಲ್ಲ.

ಚಿಕ್ಕಪ್ಪ ಕಾಫಿ ಕುಡಿಯುತ್ತಾ ಒಂದು ಮಾತು ಹೇಳಿದರು. "ಬ್ಲೆಂಡರ್ ಅಂದ್ರೆ ಏನು? ಪಾತ್ರೆ ತಳಕ್ಕೆ ತೂತು ಕೊರೆದು, ಅಲ್ಲಿಂದ ಶಾಫ್ಟ್ ತೂರಿಸಿ, ಆದರೂ ನೀರು ಸೋರಬಾರದು ಅಂತ ಹೇಳೋದು. ಆ ತೂತನ್ನು ಯಾರು ಚೆನ್ನಾಗಿ ಕಾದಿದ್ದಾರೋ ಅದೇ ಒಳ್ಳೆ ಬ್ಲೆಂಡರ್."

ಮಧ್ಯಾಹ್ನ ಕೂತು ಹಳೆಯ ಕಥೆ ಓದಿದರೆ ಈ ತೂತಿನ ಕಷ್ಟ ಮೊದಲ ದಿನದಿಂದಲೂ ಇದೆ. ಅಮೆರಿಕದ ವಿಸ್ಕಾನ್ಸಿನ್‌ನ ಸ್ಟೀಫನ್ ಪೊಪ್ಲಾವ್‌ಸ್ಕಿ 1922ರಲ್ಲಿ ತಿರುಗುವ ಬ್ಲೇಡನ್ನು ಪಾತ್ರೆಯ ತಳಕ್ಕೆ ತಂದರು. ಪಾನೀಯ ಕಲಸಲು ಮಾಡಿದ ಯಂತ್ರ ಅದು. ಆಮೇಲೆ ಫ್ರೆಡ್ ಓಸಿಯಸ್ ಅದನ್ನು ಸುಧಾರಿಸಲು ಹೊರಟರು. ವಾದ್ಯತಂಡ ನಡೆಸುತ್ತಿದ್ದ ಫ್ರೆಡ್ ವೇರಿಂಗ್ ಹಣ ಹಾಕಿದರು. ಅವರ ಮೊದಲ ಯಂತ್ರಕ್ಕೆ ಕಾಡಿದ್ದು ಜಾರ್‌ನ ಸೀಲ್ ಮತ್ತು ಬ್ಲೇಡ್ ಶಾಫ್ಟ್‌ನ ತೊಂದರೆಯೇ. ಅದನ್ನು ತಿದ್ದಿ ವೇರಿಂಗ್ ಅವರ ಬ್ಲೆಂಡರ್ 1937ರಲ್ಲಿ ಹೊರಬಂತು. ನೂರು ವರ್ಷ ಆಯಿತು, ನನ್ನ ಮೇಜಿನ ಮೇಲೆ ಬಿದ್ದಿರುವುದು ಅದೇ ತೊಂದರೆ.

ಓದುತ್ತಾ ಇನ್ನೊಂದು ಸಂಗತಿ ಸಿಕ್ಕಿತು, ಬಹಳ ಖುಷಿಯಾಯಿತು. 1952ರಲ್ಲಿ ಆಲ್‌ಫ್ರೆಡ್ ಹರ್ಶಿ ಮತ್ತು ಮಾರ್ಥಾ ಚೇಸ್ ಮಾಡಿದ ಪ್ರಸಿದ್ಧ ಪ್ರಯೋಗದಲ್ಲಿ ಬಳಸಿದ್ದು ಇಂಥದ್ದೇ ಬ್ಲೆಂಡರ್. ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡಿದ್ದ ವೈರಸ್‌ನ ಖಾಲಿ ಕವಚಗಳನ್ನು ಅದರಲ್ಲಿ ತಿರುಗಿಸಿ ಬಿಡಿಸಿದರು. ವಂಶವಾಹಿ ವಸ್ತು ಡಿಎನ್‌ಎ ಅನ್ನುವುದಕ್ಕೆ ಅದು ದೊಡ್ಡ ಸಾಕ್ಷಿಯಾಯಿತು. ಅಷ್ಟು ಸಣ್ಣ ಕವಚವನ್ನು ಯಾವ ಬ್ಲೇಡ್ ಕತ್ತರಿಸುತ್ತದೆ ಹೇಳಿ? ಬಿಡಿಸಿದ್ದು ಸುಳಿಯಾಗಿ ತಿರುಗುವ ದ್ರವದ ಎಳೆತ. ನಮ್ಮ ಅಡುಗೆಮನೆಯಲ್ಲೂ ಅರ್ಧ ಕೆಲಸ ಆ ಸುಳಿಯದ್ದೇ. ಅಂಚಿನಿಂದ ಅಂಚಿಗೆ 8 ಸೆಂಟಿಮೀಟರ್ ಇರುವ ಬ್ಲೇಡ್ ನಿಮಿಷಕ್ಕೆ 20,000 ಸುತ್ತು ತಿರುಗಿದರೆ ಅದರ ತುದಿ ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಆ ವೇಗದಲ್ಲಿ ಮೊಂಡು ಬ್ಲೇಡ್ ಕೂಡ ಐಸ್ ಒಡೆಯುತ್ತದೆ. ಹಾಗಾಗಿ "ರೇಜರ್‌ನಂತೆ ಹರಿತ" ಅನ್ನುವ ಜಾಹೀರಾತಿಗೆ ನಾನು ಇನ್ನು ಮಣಿಯುವುದಿಲ್ಲ. ಬ್ಲೇಡ್ ದಪ್ಪ ಇದೆಯಾ, ಅದು ಕೂತಿರುವ ಶಾಫ್ಟ್ ಗಟ್ಟಿ ಇದೆಯಾ, ಕೆಳಗಿರುವುದು ಬಾಲ್ ಬೇರಿಂಗಾ ಬರೀ ಬುಷ್ಷಾ, ಇದನ್ನು ಕೇಳುತ್ತೇನೆ.

ವಾಟ್ ವಿಷಯವನ್ನೂ ಚಿಕ್ಕಪ್ಪನ ಹತ್ತಿರ ಕೇಳಿದೆ. ವಾಟ್ ಅಂದರೆ ಯಂತ್ರ ಗೋಡೆಯಿಂದ ಎಳೆಯುವ ಶಕ್ತಿ. ಬ್ಲೇಡ್‌ಗೆ ತಲುಪುವ ಶಕ್ತಿ ಅಲ್ಲ. ನಡುವೆ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಕೆಲವು ಪೆಟ್ಟಿಗೆಗಳ ಮೇಲೆ ಹಾರ್ಸ್‌ಪವರ್ ಬರೆದು ಪಕ್ಕದಲ್ಲಿ "ಪೀಕ್" ಅಂತ ಸೇರಿಸಿರುತ್ತಾರೆ. ಅದು ಕ್ಷಣಮಾತ್ರ ಮುಟ್ಟುವ ಅಂಕಿ. 1 ಹಾರ್ಸ್‌ಪವರ್ ಅಂದರೆ 746 ವಾಟ್. ಪೆಟ್ಟಿಗೆ ಮೇಲೆ 3 ಹಾರ್ಸ್‌ಪವರ್ ಅಂತ ಇದ್ದರೆ ಲೆಕ್ಕಕ್ಕೆ 2,238 ವಾಟ್ ಆಗಬೇಕು. ಯಂತ್ರದ ಅಡಿಯ ಪ್ಲೇಟಿನಲ್ಲಿ 1,200 ಅಂತ ಇದ್ದರೆ ನಂಬಬೇಕಾದ್ದು ಪ್ಲೇಟನ್ನು.

ಅದೇ ಪ್ಲೇಟಿನಲ್ಲಿ ಇನ್ನೊಂದು ಪುಟ್ಟ ಬರಹ ಇರುತ್ತದೆ. ನಾನು ಇಷ್ಟು ದಿನ ಅದನ್ನು ಓದಿಯೇ ಇರಲಿಲ್ಲ. ನಮ್ಮದರಲ್ಲಿ "ಕೆಬಿ 1 ಮಿನಿಟ್" ಅಂತ ಇದೆ. ಜರ್ಮನ್ ಭಾಷೆಯ ಕುರ್ಟ್ಸ್‌ಬೆಟ್ರೀಬ್ ಅನ್ನುವ ಪದದ ಸಂಕ್ಷೇಪ ಅದು. ಸ್ವಲ್ಪ ಹೊತ್ತಿನ ಓಟ ಅಂತ ಅರ್ಥ. ಒಂದು ನಿಮಿಷ ಓಡಿಸಿ, ಆಮೇಲೆ ನಿಲ್ಲಿಸಿ ತಣ್ಣಗಾಗಲು ಬಿಡಬೇಕು. ನಾನು ಗಟ್ಟಿ ಮಿಶ್ರಣ ಹಾಕಿ ಮೂರು ನಾಲ್ಕು ನಿಮಿಷ ಒಂದೇ ಸಮನೆ ಓಡಿಸುತ್ತಿದ್ದೆ. ಪಾಪ ಅನ್ನಿಸಿತು. ದಿನಾ ಗಟ್ಟಿ ಪದಾರ್ಥ ಹಾಕುವವರು ಎಲ್ಲಕ್ಕಿಂತ ಮೊದಲು ಓದಬೇಕಾದದ್ದು ಈ ನಿಮಿಷವನ್ನು.

ಇದರ ಜೊತೆಗೇ ಬರುವ ಇನ್ನೊಂದು ವಿಷಯ ನನಗೆ ನಿಜಕ್ಕೂ ಹೊಸದು. ಗಟ್ಟಿ ಮಿಶ್ರಣ ಇದ್ದಾಗ ಯಂತ್ರಕ್ಕೆ ಕಷ್ಟ ಆಗದಿರಲಿ ಅಂತ ನಾನು ಸ್ಪೀಡ್ 1ರಲ್ಲೇ ಇಡುತ್ತಿದ್ದೆ. ಚಿಕ್ಕಪ್ಪ ತಲೆ ಅಲ್ಲಾಡಿಸಿದರು. ಮೋಟಾರ್ ತಣ್ಣಗಿಡುವ ಫ್ಯಾನ್ ಇರುವುದು ಅದೇ ಶಾಫ್ಟ್ ಮೇಲೆ. ಶಾಫ್ಟ್ ನಿಧಾನ ತಿರುಗಿದರೆ ಫ್ಯಾನ್ ಕೂಡ ನಿಧಾನ. ಭಾರ ಜಾಸ್ತಿ, ಗಾಳಿ ಕಡಿಮೆ. ಕಾಯಿಲ್ ಬೇಯುವುದು ಆಗಲೇ. ನಿಧಾನದಲ್ಲಿ ಶುರು ಮಾಡಿ, ಬೇಗ ಸ್ಪೀಡ್ ಏರಿಸಿ, ಕಡಿಮೆ ಹೊತ್ತಿನಲ್ಲಿ ಮುಗಿಸುವುದು ಒಳ್ಳೆಯದಂತೆ. ಬ್ಲೇಡ್ ಸುತ್ತ ಗಾಳಿಯ ಗುಳ್ಳೆ ಕಟ್ಟಿ ಮಿಶ್ರಣ ಮೇಲೇ ನಿಂತುಬಿಟ್ಟರೆ ಸ್ವಲ್ಪ ನೀರು ಸೇರಿಸಬೇಕು. ಅಥವಾ ಮುಚ್ಚಳದ ತೂತಿನಿಂದ ಇಳಿಸುವ, ಬ್ಲೇಡ್‌ಗೆ ತಾಗದಷ್ಟೇ ಉದ್ದದ ತಳ್ಳುಕೋಲು ಜೊತೆಗೆ ಬಂದಿರಬೇಕು.

ಹೊಸ ಯಂತ್ರದ ಅಡಿಯಲ್ಲಿ ಓವರ್‌ಲೋಡ್ ಬಟನ್ ಇರಲೇಬೇಕು. ಬಿಸಿ ಮಿತಿ ಮೀರಿದರೆ ಅದು ಕರೆಂಟ್ ಕಡಿಯುತ್ತದೆ. ತಣ್ಣಗಾದ ಮೇಲೆ ಒತ್ತಿದರೆ ಮತ್ತೆ ಓಡುತ್ತದೆ. ನಮ್ಮದರಲ್ಲಿ ಇರಲಿಲ್ಲ. ಇದ್ದಿದ್ದರೆ ಬುಧವಾರ ಮೋಟಾರ್ ಉಳಿಯುತ್ತಿತ್ತೇನೋ.

ಕಪ್ಲರ್ ಬಗ್ಗೆ ನನ್ನ ಲೆಕ್ಕ ತಲೆಕೆಳಗಾಗಿತ್ತು. ಲೋಹದ್ದೇ ಒಳ್ಳೆಯದು, ರಬ್ಬರ್ ಅಥವಾ ಪ್ಲಾಸ್ಟಿಕ್ ಅಗ್ಗದ್ದು ಅಂದುಕೊಂಡಿದ್ದೆ. ಬ್ಲೇಡ್ ಏನಾದರೂ ಸಿಕ್ಕಿಕೊಂಡು ತಟ್ಟನೆ ನಿಂತರೆ ಮೆತ್ತನೆಯ ಕಪ್ಲರ್ ತಾನು ಹರಿದು ಮೋಟಾರ್ ಉಳಿಸುತ್ತದೆ. ಐದು ನಿಮಿಷದಲ್ಲಿ ಬೇರೆ ಹಾಕಬಹುದು. ಆ ಬಿಡಿಭಾಗ ಸಿಗುವ ಹಾಗಿದ್ದರೆ ಮಾತ್ರ ಈ ಜಾಣತನಕ್ಕೆ ಬೆಲೆ, ಅಲ್ವಾ?

ಜಾರ್ ಯಾವುದರದ್ದು ಅನ್ನುವುದಕ್ಕೆ ನಾನು ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಗಾಜಿಗೆ ಸುಲಭವಾಗಿ ಗೀರು ಬೀಳುವುದಿಲ್ಲ, ವಾಸನೆ ಹಿಡಿಯುವುದಿಲ್ಲ. ಆದರೆ ಭಾರ, ಮತ್ತು ತಣ್ಣನೆ ಗಾಜಿಗೆ ಕುದಿಯುವುದನ್ನು ಸುರಿದರೆ ಬಿರುಕು ಬಿಡುತ್ತದೆ. ಸ್ಟೀಲ್ ಒಡೆಯುವುದಿಲ್ಲ, ಒಳಗೆ ಏನಾಗುತ್ತಿದೆ ಅಂತ ಕಾಣುವುದೂ ಇಲ್ಲ. ಹಳೆಯ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಜಾರ್‌ಗಳಲ್ಲಿ ಬಿಪಿಎ ಅನ್ನುವ ರಾಸಾಯನಿಕ ಇರುತ್ತಿತ್ತು, ಈಗ ಬಹಳಷ್ಟು ಕಡೆ ಅದಿಲ್ಲದ ಟ್ರೈಟಾನ್ ಅನ್ನುವ ಪ್ಲಾಸ್ಟಿಕ್ ಬಂದಿದೆ. ನಾನು ಹಗುರ ಅಂತ ಟ್ರೈಟಾನ್ ಆರಿಸಿದೆ, ಅಷ್ಟೇ. ಬಿಸಿಯದನ್ನು ಹಾಕುವಾಗ ಅರ್ಧಕ್ಕಿಂತ ಕಡಿಮೆ ತುಂಬಿ, ಮುಚ್ಚಳದ ನಡುವಿನ ಬಿರಡೆ ತೆಗೆದು, ಮೇಲೆ ಬಟ್ಟೆ ಹಿಡಿಯಬೇಕು ಅನ್ನುವುದು ಎಲ್ಲ ಜಾರ್‌ಗೂ ಒಂದೇ. ಆವಿಗೆ ದಾರಿ ಇರಲೇಬೇಕು. ಪೂರ್ತಿ ಮುಚ್ಚಿಕೊಳ್ಳುವ ಸಣ್ಣ ಕಪ್ ಬ್ಲೆಂಡರ್‌ಗಳಲ್ಲಿ ಬಿಸಿಯದನ್ನು ಹಾಕಲೇಬಾರದು. ಒಳಗೆ ಒತ್ತಡ ಕಟ್ಟಿ, ಬಿಚ್ಚುವಾಗ ಮುಖಕ್ಕೆ ಸಿಡಿಯುತ್ತದೆ.

ರಾತ್ರಿ 9:30

ಕೊನೆಗೆ ಎರಡು ಮಾಡೆಲ್ ಉಳಿದವು. ಒಂದರ ಮೋಟಾರ್‌ಗೆ ವಾರಂಟಿ ಉದ್ದ. ಸಣ್ಣ ಅಕ್ಷರ ಓದಿದರೆ ಜಾರ್, ಬ್ಲೇಡ್, ಸೀಲ್, ಕಪ್ಲರ್ ಯಾವುದೂ ಅದರಲ್ಲಿ ಇಲ್ಲ. ಇವತ್ತು ಮೇಜಿನ ಮೇಲೆ ನೋಡಿದ ಮೇಲೆ ಆ ವಾರಂಟಿ ನನಗೆ ಏನೂ ಅಲ್ಲ ಅನ್ನಿಸಿತು. ಇನ್ನೊಂದರ ವಾಟ್ ಕಡಿಮೆ. ಆದರೆ ಕೈಪಿಡಿಯ ಕೊನೆಯಲ್ಲಿ ಒಂದೊಂದೇ ಭಾಗ ಬಿಡಿಸಿ ತೋರಿಸಿದ ಚಿತ್ರ ಇದೆ, ಪ್ರತಿ ಭಾಗಕ್ಕೂ ನಂಬರ್ ಇದೆ. ಬ್ಲೇಡ್ ಭಾಗ ಕೈಯಲ್ಲೇ ಬಿಚ್ಚಬಹುದು. ಸೀಲ್ ಬೇರೆಯಾಗಿ ಸಿಗುತ್ತದೆ. ಕಾರ್ಬನ್ ಬ್ರಷ್ ಹೊರಗಿನಿಂದಲೇ ತೆಗೆಯಲು ಎರಡು ಮುಚ್ಚಳ ಇವೆ. ಜಾರ್ ಕೂರುವ ಜಾಗದ ಸುತ್ತ ಅಂಚು ಎತ್ತರ ಇದ್ದು, ಸೋರಿದ ನೀರು ಪಕ್ಕಕ್ಕೆ ಹರಿದುಹೋಗಲು ಕಾಲುವೆಯಂಥ ದಾರಿ ಇದೆ. ಚಿಕ್ಕಪ್ಪನಿಗೆ ಆ ಚಿತ್ರ ಕಳಿಸಿದೆ. ಕಾಲುವೆಯ ಜಾಗಕ್ಕೆ ಕೆಂಪು ಗೆರೆ ಎಳೆದು ವಾಪಸ್ ಕಳಿಸಿದರು. "ಇದೇ ತಗೋ."

ಬಂದ ದಿನ ಏನು ಮಾಡಬೇಕು ಅಂತಲೂ ಹೇಳಿದ್ದಾರೆ. ಜಾರ್ ತುಂಬ ನೀರು ಹಾಕಿ ಒಣ ಕಾಗದದ ಮೇಲೆ ಒಂದು ಗಂಟೆ ಇಡಬೇಕು. ಕಾಗದದ ಮೇಲೆ ಒಂದು ಚುಕ್ಕೆ ಒದ್ದೆ ಇದ್ದರೂ ವಾಪಸ್. ಆಮೇಲೆ ತಿಂಗಳಿಗೊಮ್ಮೆ ಅದೇ ಪರೀಕ್ಷೆ. ಕೈಯಿಂದ ಕಪ್ಲರ್ ತಿರುಗಿಸಿದಾಗ ಮರಳು ಸಿಕ್ಕಿದಂತೆ ಕರಕರ ಅನ್ನಬಾರದು. ಖಾಲಿ ಜಾರ್ ಓಡಿಸಬಾರದು, ದ್ರವ ಇಲ್ಲದಿದ್ದರೆ ಸೀಲ್ ಉಜ್ಜಿ ಬಿಸಿಯಾಗುತ್ತದೆ. ತಳ ಮುಳುಗುವಂತೆ ನೀರಿನಲ್ಲಿ ನೆನೆಹಾಕಬಾರದು. ಬಳಸಿದ ತಕ್ಷಣ ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು ಹಾಕಿ ಅರ್ಧ ನಿಮಿಷ ತಿರುಗಿಸಿ, ತೊಳೆದು, ಬೋರಲು ಹಾಕಿದರೆ ಸಾಕು.

ಹಳೆಯದರ ಎರಡು ಕಾರ್ಬನ್ ಬ್ರಷ್‌ಗಳನ್ನು ಚಿಕ್ಕಪ್ಪ ಜೇಬಿಗೆ ಹಾಕಿಕೊಂಡು ಹೋದರು, ಯಾವುದಕ್ಕಾದರೂ ಬರುತ್ತದೆ ಅಂತ. ನಾನು ಈಗಷ್ಟೇ ಆರ್ಡರ್ ಮಾಡಿದೆ. ಬ್ಲೆಂಡರ್ ಒಂದು, ಸೀಲ್ ಎರಡು, ಕಪ್ಲರ್ ಒಂದು.