ತುಮಕೂರಿನಿಂದ ಕಾಶಿಗೆ ವಿಮಾನದಲ್ಲಿ ಹೋಗುವವರಿಗೆ

ಬೆಂಗಳೂರಿನಿಂದ ವಾರಾಣಸಿಗೆ ಆಕಾಶಮಾರ್ಗದಲ್ಲಿ ಹೆಚ್ಚುಕಡಿಮೆ 1,460 ಕಿ.ಮೀ. ನೇರ ವಿಮಾನಕ್ಕೆ ಸುಮಾರು ಎರಡೂವರೆ ಗಂಟೆ. ರನ್‌ವೇವರೆಗೆ ಉರುಳುವುದು, ಇಳಿದ ಮೇಲೆ ಬಂದು ನಿಲ್ಲುವುದು ಎಲ್ಲ ಅದರಲ್ಲೇ ಸೇರಿರುತ್ತದೆ. ರೈಲಿನಲ್ಲಾದರೆ ಎರಡು ದಿನದ ಹತ್ತಿರ. ಹಾಗಂತ ತುಮಕೂರಲ್ಲಿ ತಿಂಡಿ, ಕಾಶಿಯಲ್ಲಿ ಮಧ್ಯಾಹ್ನದ ಊಟ ಅನ್ನುವ ಲೆಕ್ಕ ಹಾಕಬೇಡಿ. ಮನೆ ಬಾಗಿಲಿನಿಂದ ಕಾಶಿಯ ಘಾಟ್‌ಗಳ ಹತ್ತಿರದ ಗೋದೌಲಿಯಾ ಚೌಕದವರೆಗೆ ಎಂಟರಿಂದ ಒಂಬತ್ತು ಗಂಟೆ ಬೇಕೇ ಬೇಕು.

ಮೊದಲ ಎರಡು ಗಂಟೆ ನಮ್ಮ ರಸ್ತೆಗೇ ಹೋಗುತ್ತದೆ. ನೆಲಮಂಗಲ, ಹೆಬ್ಬಾಳದ ಸಹವಾಸ ಬೇಡ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋಗಿ. ಟೋಲ್ ಕೊಡಬೇಕು, ಆದರೆ ಬೆಂಗಳೂರಿನ ಟ್ರಾಫಿಕ್ ತಪ್ಪುತ್ತದೆ. ಟರ್ಮಿನಲ್ 1 ಅಥವಾ 2 ಯಾವುದು ಅಂತ ಹೊರಡುವ ಮುಂಚೆಯೇ ಟಿಕೆಟ್ ನೋಡಿಕೊಳ್ಳಿ. ಚೆಕ್-ಇನ್ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಆದ್ದರಿಂದ ಎರಡು ಗಂಟೆ ಮುಂಚೆ ಅಲ್ಲಿರಿ. ಮುಖ ತೋರಿಸಿ ಒಳಗೆ ಹೋಗುವ ಡಿಜಿಯಾತ್ರಾ ವ್ಯವಸ್ಥೆ 2022ರ ಡಿಸೆಂಬರ್‌ನಲ್ಲಿ ಮೊದಲು ಶುರುವಾದ ನಿಲ್ದಾಣಗಳಲ್ಲಿ ಬೆಂಗಳೂರು, ವಾರಾಣಸಿ ಎರಡೂ ಇದ್ದವು. ಫೋನ್ ಬಳಸಿ ಅಭ್ಯಾಸವಿದ್ದವರಿಗೆ ಬಾಗಿಲಲ್ಲಿ ಕ್ಯೂ ಕಮ್ಮಿ. ನಡೆಯಲಾಗದ ಹಿರಿಯರಿದ್ದರೆ ಬುಕ್ ಮಾಡುವಾಗಲೇ ವೀಲ್‌ಚೇರ್ ಕೇಳಿಬಿಡಿ.

ನಮ್ಮ ಜಿಲ್ಲೆಯವರಿಗೇ ಹೇಳಬೇಕಾದ ಮಾತೊಂದಿದೆ: ಕೊಬ್ಬರಿ. ವಿಶ್ವನಾಥನಿಗೆ ತಿಪಟೂರು ಕೊಬ್ಬರಿ ಒಯ್ಯುವ ಆಸೆ ಯಾರಿಗಿರುವುದಿಲ್ಲ! ಆದರೆ ಎಣ್ಣೆ ಅಂಶ ಜಾಸ್ತಿ, ಬೇಗ ಬೆಂಕಿ ಹತ್ತುತ್ತದೆ ಅಂತ ಚೆಕ್-ಇನ್ ಬ್ಯಾಗಿನಲ್ಲಿ ಅದಕ್ಕೆ ಅವಕಾಶವಿಲ್ಲ. ನಮ್ಮ ಮುಂದಿದ್ದ ಅಜ್ಜಿಯೊಬ್ಬರು ಸೀರೆ ಮಡಿಕೆಯೊಳಗಿಂದ ಒಂದೊಂದೇ ಗಿಟುಕು ತೆಗೆದು ಕೌಂಟರ್ ಮೇಲೆ ಇಡುತ್ತಿದ್ದರು. ಹಿಂದಿದ್ದವರೆಲ್ಲ ಗಡಿಯಾರ ನೋಡುತ್ತಿದ್ದರು.

ವಾರಾಣಸಿಯ ವಿಮಾನ ನಿಲ್ದಾಣ ಇರುವುದು ಬಾಬತ್‌ಪುರದಲ್ಲಿ, ಊರಿನಿಂದ ಸುಮಾರು 25 ಕಿ.ಮೀ. ಹೊರಗೆ. ಟ್ಯಾಕ್ಸಿಯಲ್ಲಿ ಒಂದು ಗಂಟೆ, ಸಂಜೆಯಾದರೆ ಇನ್ನೂ ಜಾಸ್ತಿ. ಗೋದೌಲಿಯಾ ಹತ್ತಿರ ಕಾರು ನಿಂತುಹೋಗುತ್ತದೆ. ಅಲ್ಲಿಂದ ಘಾಟ್‌ಗೆ ನಡಿಗೆಯೇ ಗತಿ, ಹಾಗಾಗಿ ಚಕ್ರದ ದೊಡ್ಡ ಸೂಟ್‌ಕೇಸಿಗಿಂತ ಹೆಗಲಿಗೆ ಹಾಕುವ ಬ್ಯಾಗೇ ವಾಸಿ. ಕನ್ನಡದವರು ಹೆಚ್ಚಾಗಿ ಹೋಗುವ ಜಂಗಮವಾಡಿ ಮಠವೂ ಇದೇ ಭಾಗದಲ್ಲಿದೆ. ಉಳಿಯುವುದಾದರೆ ಮೊದಲೇ ವಿಚಾರಿಸಿ.

ಕಾಶಿ ನಮಗಿಂತ ಪೂರ್ವಕ್ಕಿದೆ, ಉತ್ತರಕ್ಕೂ ಇದೆ. ಡಿಸೆಂಬರ್‌ನಲ್ಲಿ ಐದೂಕಾಲಿಗೆಲ್ಲ ಹೊತ್ತು ಮುಳುಗುತ್ತದೆ. ನಾಲ್ಕು ಗಂಟೆಗೆ ಇಳಿದು ಅವತ್ತೇ ದಶಾಶ್ವಮೇಧದ ಗಂಗಾರತಿ ನೋಡುತ್ತೇವೆ ಅನ್ನುವುದು ಹಿರಿಯರನ್ನು ಓಡಿಸುವ ಕೆಲಸ. ಚಳಿಗಾಲದ ಬೆಳಗಿನ ಮಂಜಿಗೆ ವಿಮಾನಗಳು ತಡವಾಗುವುದೂ ಮಾಮೂಲು. ಆ ತಿಂಗಳುಗಳಲ್ಲಿ ಮಧ್ಯಾಹ್ನದ ವಿಮಾನ ಹಿಡಿದು, ಆರತಿಯನ್ನು ಮರುದಿನಕ್ಕಿಟ್ಟುಕೊಳ್ಳಿ.

ವಾಪಸ್ ಬರುವಾಗ ಗಂಗೆಯ ಗಿಂಡಿಯನ್ನು ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಬ್ಯಾಗಿಗೆ ಹಾಕಿ. ರಾತ್ರಿ ಹತ್ತರ ಮೇಲೆ ಇಳಿಯುವ ವಿಮಾನವಾದರೆ ತುಮಕೂರಿಂದಲೇ ಪರಿಚಯದ ಕಾರು ಹೇಳಿಡಿ. ಅಷ್ಟು ಹೊತ್ತಿನಲ್ಲಿ ನಿಲ್ದಾಣದ ಹೊರಗೆ ನಿಂತು ಬಾಡಿಗೆ ಚೌಕಾಸಿ ಮಾಡುವ ತ್ರಾಣ ಯಾರಿಗೂ ಇರುವುದಿಲ್ಲ.