ಬ್ರಿಟನ್ನಿನ ಗ್ಯಾಸ್ಟ್ರೋಪಬ್ಬಿನಲ್ಲಿ ಊಟಕ್ಕೆ ಕೂರುವ ಮುನ್ನ

ಪಬ್ ಎಂದರೆ ಬಿಯರ್ ಕುಡಿಯಲು ಸೇರುವ ಜಾಗ; ಅದರಲ್ಲಿ ಒಳ್ಳೆಯ ಅಡುಗೆಗೂ ಹೆಸರಾದದ್ದು ಗ್ಯಾಸ್ಟ್ರೋಪಬ್. ಬ್ರಿಟನ್ ಪ್ರವಾಸಕ್ಕೆ ಹೋದವರಿಗೆ ಪಬ್ಬಿನ ಊಟ ತಪ್ಪಿಹೋಗುವುದು ಹೆಚ್ಚಾಗಿ ಹೊತ್ತಿನ ಲೆಕ್ಕ ತಪ್ಪಿದ್ದರಿಂದ. ಪಬ್ಬಿನ ಬಾಗಿಲು ಬೆಳಿಗ್ಗೆ 11ರಿಂದ ರಾತ್ರಿ 11ರವರೆಗೂ ತೆರೆದಿರಬಹುದು, ಆದರೆ ಅಡುಗೆಮನೆ ಅಷ್ಟು ಹೊತ್ತು ನಡೆಯುವುದಿಲ್ಲ. ಬಹುತೇಕ ಕಡೆ ಮಧ್ಯಾಹ್ನ 12ರಿಂದ 2.30 ಅಥವಾ 3ರವರೆಗೆ, ಮತ್ತೆ ಸಂಜೆ 6ರಿಂದ 9ರವರೆಗೆ ಮಾತ್ರ ಊಟ. ಮೂರೂವರೆಗೆ ಹಳ್ಳಿಯ ಪಬ್ಬಿಗೆ ಹೊಕ್ಕರೆ ಸಿಗುವುದು ಆಲೂಗಡ್ಡೆ ಚಿಪ್ಸಿನ ಪೊಟ್ಟಣ ಮತ್ತು ಹುರಿದ ಕಡಲೇಬೀಜ. ರಾತ್ರಿ ಒಂಬತ್ತಕ್ಕೆ ಊಟ ಮಾಡಿ ರೂಢಿಯಿರುವ ನಮಗೆ ಇದು ದೊಡ್ಡ ತೊಡಕು. ಎಂಟು ಗಂಟೆಯೊಳಗೆ ಮೇಜಿನ ಮುಂದೆ ಕೂತಿರಬೇಕು.

ಗೂಗಲ್ ಮ್ಯಾಪಿನಲ್ಲಿ ಕಾಣುವುದು ಸಾಮಾನ್ಯವಾಗಿ ಬಾರಿನ ವೇಳೆ. ಪಬ್ಬಿನ ಸ್ವಂತ ವೆಬ್‌ಸೈಟಿನಲ್ಲಿ 'ಫುಡ್ ಸರ್ವ್ಡ್' ಅಥವಾ 'ಕಿಚನ್ ಅವರ್ಸ್' ಎಂದು ಬೇರೆಯಾಗಿ ಬರೆದಿರುತ್ತಾರೆ, ಅದನ್ನೇ ನೋಡಿ. ಊರಾಚೆಯ ಎಷ್ಟೋ ಪಬ್ಬುಗಳಲ್ಲಿ ಸೋಮವಾರ ಒಲೆ ಹಚ್ಚುವುದೇ ಇಲ್ಲ, ಕೆಲವು ಕಡೆ ಮಂಗಳವಾರವೂ ಇಲ್ಲ. ಭಾನುವಾರ ಮಧ್ಯಾಹ್ನ ಬಿಡುವಿಲ್ಲದೆ ಊಟ ನಡೆದು ಸಂಜೆ ಐದರ ಸುಮಾರಿಗೆ ಮುಗಿಯುತ್ತದೆ, ರಾತ್ರಿ ಊಟ ಇರುವುದಿಲ್ಲ. ಇನ್ನೊಂದು ಗೊಂದಲ ಮಾತಿನದು. ಉತ್ತರ ಇಂಗ್ಲೆಂಡಿನಲ್ಲಿ 'ಟೀ' ಅಂದರೆ ಸಂಜೆಯ ಊಟ, 'ಡಿನ್ನರ್' ಅಂದರೆ ಎಷ್ಟೋ ಮಂದಿಗೆ ಮಧ್ಯಾಹ್ನದ ಊಟ. ಯಾರಾದರೂ ಟೀಗೆ ಕರೆದರೆ ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಿ.

ಪಬ್ಬಿನಲ್ಲಿ ಒಳ್ಳೆಯ ಅಡುಗೆ ಸಿಗುವುದು ಹಳೆಯ ಕಾಲದಿಂದ ಬಂದ ಪದ್ಧತಿಯಲ್ಲ. 1989ರವರೆಗೆ ದೇಶದ ಬಹುಪಾಲು ಪಬ್ಬುಗಳು ಬಿಯರ್ ಕಂಪನಿಗಳ ಕೈಯಲ್ಲಿದ್ದವು. ಆ ವರ್ಷ ಸರ್ಕಾರ ತಂದ ಆದೇಶದಿಂದ 2,000ಕ್ಕಿಂತ ಹೆಚ್ಚು ಪಬ್ಬುಗಳಿದ್ದ ಕಂಪನಿಗಳು ತಮ್ಮ ಹಿಡಿತ ಸಡಿಲಿಸಬೇಕಾಯಿತು, ಸಾವಿರಾರು ಪಬ್ಬುಗಳು ಮಾರಾಟಕ್ಕೂ ಬಾಡಿಗೆಗೂ ಬಂದವು. ಸ್ವಂತ ರೆಸ್ಟೋರೆಂಟ್ ತೆರೆಯುವಷ್ಟು ಬಂಡವಾಳವಿಲ್ಲದ ಅಡುಗೆಯವರಿಗೆ ಅಲ್ಲಿ ಜಾಗ ಸಿಕ್ಕಿತು. 1991ರಲ್ಲಿ ಡೇವಿಡ್ ಐರ್ ಮತ್ತು ಮೈಕ್ ಬೆಲ್ಬೆನ್ ಲಂಡನ್ನಿನ ಫ್ಯಾರಿಂಗ್ಡನ್ ರಸ್ತೆಯಲ್ಲಿ 'ದಿ ಈಗಲ್' ಶುರು ಮಾಡಿದರು. ಗ್ಯಾಸ್ಟ್ರೋಪಬ್ ಎಂಬ ಮಾತು ಹುಟ್ಟಿದ್ದು ಅದರ ಸುತ್ತಲೇ. ಬಾರಿನ ಪಕ್ಕದಲ್ಲೇ ಒಲೆ, ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದ ಕಪ್ಪುಹಲಗೆ, ಒಂದಕ್ಕೊಂದು ಹೋಲದ ಕುರ್ಚಿಗಳು. ಇಂದಿಗೂ ಹಾಗೆಯೇ ಇದೆ. ಫ್ಯಾರಿಂಗ್ಡನ್ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ. ಹಲಗೆ ಓದಿ, ಬಾರಿನಲ್ಲಿ ಹೇಳಿ, ಅಲ್ಲೇ ದುಡ್ಡು ಕೊಟ್ಟು ಕೂರುವುದು. ಮೊದಲ ಗ್ಯಾಸ್ಟ್ರೋಪಬ್ ಅನುಭವಕ್ಕೆ ಇದಕ್ಕಿಂತ ಸರಳ ಜಾಗ ಲಂಡನ್ನಿನಲ್ಲಿ ಸಿಗುವುದು ಕಷ್ಟ.

ಹೊರಗೆ ಗ್ಯಾಸ್ಟ್ರೋಪಬ್ ಎಂದು ಫಲಕ ಹಾಕಿರುವುದಿಲ್ಲ, ಮೆನು ನೋಡಿಯೇ ಗುರುತಿಸಬೇಕು. ಒಂದೇ ಹಾಳೆ, ಮೇಲೆ ಅಂದಿನ ತಾರೀಖು, ಐದಾರು ಮುಖ್ಯ ತಿನಿಸು: ಅಲ್ಲಿ ಅಡುಗೆ ಆ ದಿನದ್ದು. ಲ್ಯಾಮಿನೇಟ್ ಮಾಡಿದ ಎಂಟು ಪುಟ, ಬಣ್ಣದ ಚಿತ್ರಗಳು, ಬರ್ಗರಿನಿಂದ ಲಸಾನ್ಯದವರೆಗೆ ಎಲ್ಲವೂ ಇದ್ದರೆ ಅದು ಸರಪಳಿ ಪಬ್, ಅಂದರೆ ಒಂದೇ ಕಂಪನಿ ಊರೂರಲ್ಲಿ ನಡೆಸುವಂಥದ್ದು. ಬಹಳಷ್ಟು ತಿನಿಸು ತಯಾರಾಗಿ ಬಂದು ಅಲ್ಲಿ ಬಿಸಿಯಾಗುತ್ತದೆ. ಸರಪಳಿ ಪಬ್ ಬೇಡ ಅನ್ನುವಂತಿಲ್ಲ. ಅಡುಗೆಮನೆ ದಿನವಿಡೀ ನಡೆಯುತ್ತದೆ, ಬೆಲೆ ಕಡಿಮೆ, ವೆದರ್‌ಸ್ಪೂನ್‌ನಂಥ ಕಡೆ ಆ್ಯಪಿನಲ್ಲೇ ಮೇಜಿನ ಸಂಖ್ಯೆ ಹಾಕಿ ತರಿಸಿಕೊಳ್ಳಬಹುದು. ಆದರೆ ಬ್ರಿಟಿಷ್ ಅಡುಗೆ ಎಂದರೆ ಇಷ್ಟೇ ಎಂದು ಅಲ್ಲಿ ತಿಂದು ತೀರ್ಮಾನಿಸುವುದು ಅನ್ಯಾಯ.

ಒಳಗೆ ಹೋದ ಮೇಲೆ ಬಾಗಿಲ ಬಳಿ 'ಪ್ಲೀಸ್ ವೇಟ್ ಟು ಬಿ ಸೀಟೆಡ್' ಎಂಬ ಹಲಗೆ ಇದೆಯೇ ನೋಡಿ. ಇದ್ದರೆ ಅಲ್ಲೇ ನಿಲ್ಲಿ. ಇಲ್ಲದಿದ್ದರೆ ಖಾಲಿ ಮೇಜು ಹಿಡಿದು, ಅದರ ಮೂಲೆಯಲ್ಲಿ ಬರೆದ ಸಂಖ್ಯೆ ನೆನಪಿಟ್ಟುಕೊಂಡು, ಒಬ್ಬರನ್ನು ಕೂರಿಸಿ ಇನ್ನೊಬ್ಬರು ಬಾರಿಗೆ ಹೋಗಬೇಕು. ಎಷ್ಟು ಹೊತ್ತು ಕೂತರೂ ಯಾರೂ ಬಂದು ಕೇಳುವುದಿಲ್ಲ, ಹೊಸಬರು ಅರ್ಧ ಗಂಟೆ ಕಾಯ್ದು ಬೇಸರಪಡುವುದು ಇಲ್ಲೇ. ಬಾರಿನ ಮುಂದೆ ಸಾಲು ಕಾಣುವುದಿಲ್ಲವಾದರೂ ಸರದಿ ಇರುತ್ತದೆ. ಯಾರು ಮೊದಲು ಬಂದರು ಎಂಬುದು ಒಳಗಿನವರಿಗೂ ಗೊತ್ತು, ಪಕ್ಕದಲ್ಲಿ ನಿಂತವರಿಗೂ ಗೊತ್ತು. ಕೈ ಬೀಸುವುದು, ಕೂಗುವುದು ಬೇಡ. ಕಣ್ಣಿಗೆ ಕಣ್ಣು ಸೇರಿದರೆ ಸಾಕು. ಪಕ್ಕದವರು ನಿಮಗಿಂತ ಮೊದಲು ಬಂದಿದ್ದರೆ ಅವರತ್ತ ಕೈ ತೋರಿಸಿ, ಅದನ್ನು ಅವರು ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ. ಮೇಜಿನ ಸಂಖ್ಯೆ ಹೇಳಿ, ಕುಡಿಯುವುದು ತಿನ್ನುವುದು ಎಲ್ಲವನ್ನೂ ಒಟ್ಟಿಗೆ ಹೇಳಿ ಪಾವತಿಸಿದರೆ ಪಾನೀಯ ಕೈಗೆ ಕೊಡುತ್ತಾರೆ, ಊಟ ಮೇಜಿಗೆ ಬರುತ್ತದೆ.

ನೀರಿಗೆ 'ಟ್ಯಾಪ್ ವಾಟರ್' ಎಂದೇ ಕೇಳಿ. ಮದ್ಯದ ಪರವಾನಗಿ ಇರುವ ಕಡೆ ಕುಡಿಯುವ ನಲ್ಲಿ ನೀರನ್ನು ಪುಕ್ಕಟೆ ಕೊಡಲೇಬೇಕೆಂಬುದು ಕಾನೂನು. ಬರೀ 'ವಾಟರ್' ಎಂದರೆ ಬಾಟಲಿ ಬಂದು ಬಿಲ್ಲಿಗೆ ಸೇರಬಹುದು. 'ಲೆಮನೇಡ್' ಅಂದರೆ ನಮ್ಮ ನಿಂಬೆ ಶರಬತ್ತಲ್ಲ, ಗ್ಯಾಸ್ ತುಂಬಿದ ಸಿಹಿ ಸೋಡಾ. 'ಸೈಡರ್' ಸೇಬಿನ ರಸದಿಂದಾದ ಮದ್ಯ, ಜ್ಯೂಸ್ ಎಂದು ಮಕ್ಕಳಿಗೆ ಕೊಡಿಸಬೇಡಿ. ಬಿಯರಿನ ಅಳತೆಯಾದ ಪೈಂಟ್ ಎಂದರೆ 568 ಮಿಲಿ, ಅರ್ಧವನ್ನೂ ಕೇಳಬಹುದು. ಪೀಪಾಯಿಯಿಂದ ಕೈಪಂಪಿನಲ್ಲಿ ಎಳೆದು ಕೊಡುವ ಬಿಯರ್ ಆದ ಕಾಸ್ಕ್ ಏಲ್ ಸುಮಾರು 11ರಿಂದ 13 ಡಿಗ್ರಿಯಲ್ಲಿರುತ್ತದೆ. ತಣ್ಣಗಿಲ್ಲ ಎಂದು ವಾಪಸ್ ಕೊಡಬೇಡಿ, ಅದರ ಹದವೇ ಅದು. ಅದನ್ನು ತಿಳಿಯಾಗಿಸಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಬಳಸುವುದುಂಟು, ಕಟ್ಟುನಿಟ್ಟಿನ ಸಸ್ಯಾಹಾರಿಗಳು ವಿಚಾರಿಸಿಕೊಳ್ಳಬೇಕು. 25ಕ್ಕಿಂತ ಚಿಕ್ಕವರಂತೆ ಕಂಡರೆ ವಯಸ್ಸಿನ ಪುರಾವೆ ಕೇಳುತ್ತಾರೆ, ಪಾಸ್‌ಪೋರ್ಟ್ ಜೊತೆಗಿದ್ದರೆ ವಾದವಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಮೆನುವಿನಲ್ಲಿ 'ವಿ' ಎಂದಿದ್ದರೆ ಸಸ್ಯಾಹಾರಿ, 'ವಿಇ' ಅಥವಾ 'ವಿಜಿ' ಎಂದರೆ ವೀಗನ್, ಹಾಲು ಮೊಟ್ಟೆಯೂ ಇಲ್ಲದ್ದು. 'ವಿ'ಯೊಳಗೆ ಮೊಟ್ಟೆ ಇರಬಹುದು. ನಮ್ಮ ಸಸ್ಯಾಹಾರಕ್ಕೂ ಅವರ ಸಸ್ಯಾಹಾರಕ್ಕೂ ಇರುವ ಈ ಅಂತರವನ್ನು ಬಾಯಿಮಾತಿನಲ್ಲಿ ವಿವರಿಸುವ ಬದಲು 'ಅಲರ್ಜೆನ್ ಶೀಟ್' ಕೇಳಿ. 14 ಅಲರ್ಜಿಕಾರಕ ಪದಾರ್ಥಗಳಲ್ಲಿ ಯಾವುದು ಯಾವ ತಿನಿಸಿನಲ್ಲಿದೆ ಎಂದು ತಿಳಿಸುವುದು ಅಲ್ಲಿ ಕಡ್ಡಾಯ. ಆ ಪಟ್ಟಿಯಲ್ಲಿ ಮೊಟ್ಟೆಗೊಂದು ಅಂಕಣ, ಮೀನಿಗೊಂದು ಅಂಕಣ ಇದೆ. ಮೊಟ್ಟೆ ತಿನ್ನದವರು ಮೊಟ್ಟೆಯ ಅಂಕಣದ ಮೇಲೆ ಬೆರಳಿಟ್ಟು ಕೆಳಗಿಳಿದರೆ ಐದು ನಿಮಿಷದಲ್ಲಿ ಯಾವುದನ್ನು ತಿನ್ನಬಹುದು ಎಂಬುದು ಖಚಿತವಾಗುತ್ತದೆ. ಚೀಸ್ ಸುರಿದು ಸುಟ್ಟ ಬ್ರೆಡ್ಡಾದ ವೆಲ್ಷ್ ರೇರ್‌ಬಿಟ್ ಶುದ್ಧ ಸಸ್ಯಾಹಾರದಂತೆ ಕಂಡರೂ ಅದಕ್ಕೆ ಹಾಕುವ ವೂಸ್ಟರ್ ಸಾಸ್‌ನಲ್ಲಿ ಆಂಚೋವಿ ಮೀನಿರುತ್ತದೆ. ಮೀನಿನ ಅಂಕಣ ಅದನ್ನು ಹೊರಗೆ ಹಾಕುತ್ತದೆ.

ಆದರೆ ಆ ಪಟ್ಟಿ ಮಾಂಸವನ್ನು ಹಿಡಿಯುವುದಿಲ್ಲ, ಇದನ್ನು ಮರೆಯಬಾರದು. ದನದ ಕೊಬ್ಬು, ಕೋಳಿ ಬೇಯಿಸಿದ ಸ್ಟಾಕ್, ಜೆಲಟಿನ್, ಚೀಸ್ ಕಟ್ಟಲು ಬಳಸುವ, ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್, ಇವು ಯಾವುವೂ ಆ ಹದಿನಾಲ್ಕರಲ್ಲಿಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಇವನ್ನು ಬಾಯಿಬಿಟ್ಟೇ ಕೇಳಬೇಕು. ಚಿಪ್ಸ್ (ಊಟದ ಜೊತೆಗಿನ ಈ ಚಿಪ್ಸ್ ಪೊಟ್ಟಣದ್ದಲ್ಲ, ಬಿಸಿಯಾಗಿ ಕರಿದ ಆಲೂಗಡ್ಡೆ ಹೋಳುಗಳು) ತರಿಸುವ ಮುನ್ನ 'ಆರ್ ದೀಸ್ ಫ್ರೈಡ್ ಇನ್ ಬೀಫ್ ಡ್ರಿಪಿಂಗ್?' ಎಂದು ಕೇಳಿ. ಯಾರ್ಕ್‌ಶೈರಿನಲ್ಲಿ ಮೀನು, ಚಿಪ್ಸ್ ಎರಡನ್ನೂ ದನದ ಕೊಬ್ಬಿನಲ್ಲಿ ಕರಿಯುವುದು ಹಳೆಯ ರೂಢಿ. ಲಂಡನ್ನಿನ ಗ್ಯಾಸ್ಟ್ರೋಪಬ್ಬುಗಳಲ್ಲೂ ಕೆಲವರು ರುಚಿಗೆಂದು ಅದನ್ನೇ ಬಳಸುತ್ತಾರೆ. ಎಣ್ಣೆಯೇ ಆದರೂ ಅದೇ ಬಾಣಲೆಯಲ್ಲಿ ಮೀನು ಕರಿದಿರಬಹುದು. ಮುಂದಿನ ಪ್ರಶ್ನೆ ಸೂಪು ಮತ್ತು ರಿಸೊಟ್ಟೊದ್ದು: 'ಈಸ್ ಇಟ್ ವೆಜಿಟೆಬಲ್ ಸ್ಟಾಕ್?' ಪಾರ್ಮಸಾನ್ ಚೀಸ್ ಉದುರಿಸಿದ್ದರೆ ಅದರಲ್ಲಿ ರೆನೆಟ್ ಇದ್ದೇ ಇರುತ್ತದೆ. ಪನ್ನಾಕೋಟಾ ಎಂಬ ಕೆನೆಯ ಸಿಹಿಯಲ್ಲಿ ಜೆಲಟಿನ್ ಇರುತ್ತದೆ. ನಿಂಬೆ ಪೋಸೆಟ್ ಅದರಂತೆಯೇ ಕಂಡರೂ ಬರೀ ಕೆನೆ, ಸಕ್ಕರೆ, ನಿಂಬೆರಸದಿಂದ ಗಟ್ಟಿಯಾಗುವಂಥದ್ದು, ಮೊಟ್ಟೆಯೂ ಬೇಡದ ಸಿಹಿ. ಸಿಕ್ಕರೆ ಬಿಡಬೇಡಿ.

ಹೆಸರುಗಳು ದಾರಿ ತಪ್ಪಿಸುತ್ತವೆ. ಬ್ಲ್ಯಾಕ್ ಪುಡ್ಡಿಂಗ್ ಹಂದಿಯ ರಕ್ತದ ಸಾಸೇಜ್. ಸ್ವೀಟ್‌ಬ್ರೆಡ್ ಎಂದರೆ ಕರು ಅಥವಾ ಕುರಿಮರಿಯ ಗ್ರಂಥಿ. ಟೋಡ್ ಇನ್ ದಿ ಹೋಲ್‌ನಲ್ಲಿ ಸಾಸೇಜ್, ಸ್ಕಾಚ್ ಎಗ್‌ನಲ್ಲಿ ಮೊಟ್ಟೆಯ ಸುತ್ತ ಹಂದಿಮಾಂಸ. ದನದ ಮಾಂಸ ಬೇಡದವರು ನೆನಪಿಡಬೇಕಾದ್ದು: ಶೆಪರ್ಡ್ಸ್ ಪೈ ಕುರಿಮಾಂಸದ್ದು, ಅದೇ ರೂಪದ ಕಾಟೇಜ್ ಪೈ ದನದ್ದು. ಸ್ಯೂಯೆಟ್ ಎಂದು ಕಂಡರೆ ಅದು ಮೂತ್ರಪಿಂಡದ ಸುತ್ತಲಿನ ಗಟ್ಟಿ ಕೊಬ್ಬು, ಕ್ರಿಸ್‌ಮಸ್ ಪುಡ್ಡಿಂಗಿನಲ್ಲೂ ಹಾಕುವುದುಂಟು. ಬರೀ 'ಪುಡ್ಡಿಂಗ್' ಎಂಬ ತಲೆಬರಹದ ಕೆಳಗಿರುವುದು ಮಾತ್ರ ಸಿಹಿತಿನಿಸು.

ಒಂದೇ ಊಟಕ್ಕೆ ಸಮಯವಿದ್ದರೆ ಭಾನುವಾರದ ರೋಸ್ಟ್ ಆರಿಸಿಕೊಳ್ಳಿ. ಬ್ರಿಟನ್ನಿನವರು ಮನೆಮಂದಿಯೆಲ್ಲ ಸೇರಿ ಉಣ್ಣುವ ಊಟ ಅದು. ಅಗಲ ತಟ್ಟೆಯಲ್ಲಿ ಕೊಯ್ದ ಮಾಂಸ, ಪಕ್ಕದಲ್ಲಿ ಮೂರ್ನಾಲ್ಕು ಆಲೂಗಡ್ಡೆ, ಕ್ಯಾರೆಟ್, ಕೋಸು, ಮೇಲೊಂದು ಬಟ್ಟಲಿನಂತೆ ಉಬ್ಬಿದ ಯಾರ್ಕ್‌ಶೈರ್ ಪುಡ್ಡಿಂಗ್, ಎಲ್ಲದರ ಮೇಲೆ ಗ್ರೇವಿ. ಆಲೂಗಡ್ಡೆಯನ್ನು ಅರ್ಧ ಬೇಯಿಸಿ, ನೀರು ಬಸಿದು, ಪಾತ್ರೆಯಲ್ಲೇ ಕುಲುಕಿ ಅಂಚನ್ನು ತರಿತರಿ ಮಾಡಿ, ಕಾದ ಕೊಬ್ಬಿನಲ್ಲಿ ಹೊರಳಿಸಿ ಓವನ್ನಿನಲ್ಲಿ ಸುಡುತ್ತಾರೆ. ಆ ತರಿಗಳೇ ಗರಿಗರಿಯಾಗುವುದು. ಯಾರ್ಕ್‌ಶೈರ್ ಪುಡ್ಡಿಂಗ್ ಮೈದಾ, ಹಾಲು, ಮೊಟ್ಟೆ ಕಲಸಿದ ತೆಳು ಹಿಟ್ಟು. ಹೊಗೆಯಾಡುವಷ್ಟು ಕಾದ ಕೊಬ್ಬಿಗೆ ಅದನ್ನು ಸುರಿದಾಗ ಒಳಗಿನ ನೀರು ಆವಿಯಾಗಿ ಹಿಟ್ಟನ್ನು ಎತ್ತುತ್ತದೆ, ನಡುವೆ ಓವನ್ ಬಾಗಿಲು ತೆಗೆದರೆ ಕುಸಿಯುತ್ತದೆ. ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. ಸಸ್ಯಾಹಾರಿಗಳಿಗೆಂದು ಮಾಂಸದ ಬದಲು ಒಣಬೀಜಗಳಿಂದ ಮಾಡಿದ ನಟ್ ರೋಸ್ಟ್ ಇದ್ದರೂ ಪಕ್ಕದ ಆಲೂಗಡ್ಡೆ ದನದ ಅಥವಾ ಬಾತುಕೋಳಿಯ ಕೊಬ್ಬಿನಲ್ಲಿ ಬೆಂದಿರಬಹುದು, ಗ್ರೇವಿ ಮಾಂಸದ ರಸದ್ದಾಗಿರಬಹುದು. ತಟ್ಟೆಯ ಒಂದೊಂದನ್ನೂ ಕೇಳಿ, ಸಸ್ಯಾಹಾರಿ ಗ್ರೇವಿಯನ್ನು ಮುಂಗಡ ಕಾಯ್ದಿರಿಸುವಾಗಲೇ ಹೇಳಿಡಿ. ರೋಸ್ಟ್‌ಗೆ ಎಣಿಸಿ ಮಾಂಸ ಇಟ್ಟಿರುತ್ತಾರೆ, ಮೂರು ಗಂಟೆಯ ಹೊತ್ತಿಗೆ ದನದ್ದು ಅಥವಾ ಕುರಿಯದ್ದು ಮುಗಿದುಹೋಗುವುದು ಸಾಮಾನ್ಯ. ಒಂದು ಗಂಟೆಯ ಮೇಜು ಒಳ್ಳೆಯದು.

ಹೆಸರಾದ ಕಡೆ ಕಾಯ್ದಿರಿಸುವಾಗ ಕಾರ್ಡ್ ವಿವರ ಕೇಳುತ್ತಾರೆ. ಮುಂಚೆ ತಿಳಿಸದೆ ತಪ್ಪಿಸಿಕೊಂಡರೆ ತಲೆಗೆ ಇಷ್ಟೆಂದು ಕಡಿತವಾಗುತ್ತದೆ. ಎಷ್ಟು ಗಂಟೆ ಮುಂಚೆ ರದ್ದು ಮಾಡಬಹುದೆಂಬುದನ್ನು ಓದಿಕೊಳ್ಳಿ, ಬಹಳ ಕಡೆ 24 ಅಥವಾ 48 ಗಂಟೆ. ಮೇಜು ಸಾಮಾನ್ಯವಾಗಿ ಎರಡು ಗಂಟೆಗೆ ಮಾತ್ರ ನಿಮ್ಮದು. ಭಾರತದ ಕಾರ್ಡಿನಲ್ಲಿ ವಿದೇಶಿ ವಹಿವಾಟನ್ನು ಬ್ಯಾಂಕ್ ಆ್ಯಪಿನಲ್ಲಿ ಹೊರಡುವ ಮುಂಚೆಯೇ ತೆರೆದಿಟ್ಟಿರಬೇಕು. ಕಾಂಟ್ಯಾಕ್ಟ್‌ಲೆಸ್‌ಗೆ ಬೇರೆ ಗುಂಡಿ ಇರುತ್ತದೆ, ಅದನ್ನೂ ಒತ್ತಿ. ನಗದು ತೆಗೆದುಕೊಳ್ಳದ ಪಬ್ಬುಗಳೂ ಇವೆ. ಯಂತ್ರ 'ರೂಪಾಯಿಯೋ ಪೌಂಡೋ' ಎಂದು ಕೇಳಿದರೆ ಪೌಂಡ್ ಆರಿಸಿ, ರೂಪಾಯಿ ಒತ್ತಿದರೆ ಕೆಟ್ಟ ದರದಲ್ಲಿ ಲೆಕ್ಕ ಹಾಕುತ್ತಾರೆ.

ಮೆನುವಿನ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ. ಲಂಡನ್ನಿನ ಗ್ಯಾಸ್ಟ್ರೋಪಬ್ಬಿನಲ್ಲಿ ಮುಖ್ಯ ತಿನಿಸಿಗೆ ಸುಮಾರು 18ರಿಂದ 28 ಪೌಂಡ್ ಇಟ್ಟುಕೊಳ್ಳಿ, ರೋಸ್ಟ್‌ಗೆ ಅದಕ್ಕಿಂತ ತುಸು ಹೆಚ್ಚು. ಮೇಜಿಗೆ ಬಂದು ಬಡಿಸುವ ಕಡೆ ಬಿಲ್ಲಿಗೆ 12.5 ಶೇಕಡಾ 'ಡಿಸ್‌ಕ್ರೆಷನರಿ ಸರ್ವಿಸ್ ಚಾರ್ಜ್' ಸೇರಿಸಿರುತ್ತಾರೆ. ಅದು ಐಚ್ಛಿಕ, ಬಡಿಸಿದ್ದು ಸರಿಯಿಲ್ಲದಿದ್ದರೆ ತೆಗೆಯಿರಿ ಎಂದು ಕೇಳಬಹುದು. ಸರಿಯಿದ್ದರೆ ಕೊಡುವುದೇ ಮೇಲು, 2024ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ಕಾನೂನಿನಂತೆ ಆ ಹಣ ಪೂರ್ತಿ ಕೆಲಸಗಾರರಿಗೇ ಸೇರಬೇಕು. ಅದರ ಮೇಲೆ ಮತ್ತೆ ಟಿಪ್ಸ್ ಬೇಕಿಲ್ಲ. ಬಾರಿನಲ್ಲಿ ಕೇಳಿ ತಂದುಕೊಂಡರೆ ಟಿಪ್ಸಿನ ನಿರೀಕ್ಷೆಯೇ ಇಲ್ಲ.

ಮಕ್ಕಳಿಗೆ ಹಗಲಲ್ಲಿ ತೊಂದರೆಯಿಲ್ಲ, ಆದರೆ ಹಲವು ಪಬ್ಬುಗಳು ರಾತ್ರಿ ಎಂಟು ಒಂಬತ್ತರ ನಂತರ ಅವರನ್ನು ಬಿಡುವುದಿಲ್ಲ. ನಾಯಿಗೆ ಹೆದರುವ ಮಕ್ಕಳಿದ್ದರೆ ಕಾಯ್ದಿರಿಸುವಾಗಲೇ ಹೇಳಿ. ಮೇಜಿನ ಕೆಳಗೆ ನಾಯಿ ಮಲಗಿರುವುದು ಅಲ್ಲಿ ಮಾಮೂಲು, ಊಟದ ಕೋಣೆಯೊಂದನ್ನು ನಾಯಿಗಳಿಲ್ಲದಂತೆ ಇಟ್ಟಿರುವ ಕಡೆಗಳೂ ಉಂಟು.

ಯಾವ ಪಬ್ಬಿಗೆ ಹೋಗಬೇಕು? ಲಂಡನ್ನಿಗೆ ಹೋದ ಕನ್ನಡಿಗರು ಲ್ಯಾಂಬೆತ್‌ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆ ನೋಡದೆ ಬರುವುದಿಲ್ಲ. ಅಲ್ಲಿಂದ ಥೇಮ್ಸ್ ದಂಡೆಯಲ್ಲೇ ನಡೆದು ವಾಟರ್‌ಲೂ ದಾಟಿದರೆ 'ದಿ ಕಟ್' ಎಂಬ ಬೀದಿಯಲ್ಲಿ 'ಆ್ಯಂಕರ್ ಆ್ಯಂಡ್ ಹೋಪ್' ಇದೆ. ಮಾಂಸದ ಅಡುಗೆಗೆ ಹೆಸರಾದದ್ದು, ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ, ಅಂದಿನ ಮೆನು ನೋಡಿಕೊಂಡೇ ಹೋಗಿ. ಲಂಡನ್ನಿನಿಂದ ಒಂದು ದಿನಕ್ಕೆ ಹೊರಗೆ ಹೋಗುವುದಾದರೆ ಮಾರ್ಲೋ ಅನುಕೂಲ. ಪ್ಯಾಡಿಂಗ್ಟನ್ನಿನಿಂದ ಮೇಡನ್‌ಹೆಡ್‌ಗೆ, ಅಲ್ಲಿ ಮಾರ್ಲೋ ಶಾಖಾ ರೈಲು ಹಿಡಿಯಬೇಕು. ಬಾಣಸಿಗ ಟಾಮ್ ಕೆರಿಡ್ಜ್ 2005ರಲ್ಲಿ ತೆರೆದ 'ಹ್ಯಾಂಡ್ ಆ್ಯಂಡ್ ಫ್ಲವರ್ಸ್' ಅಲ್ಲಿದೆ. ಒಳ್ಳೆಯ ಅಡುಗೆಯ ರೆಸ್ಟೋರೆಂಟುಗಳಿಗೆ ಸ್ಟಾರ್ ಕೊಡುವ ಮಿಶೆಲಿನ್ ಗೈಡ್‌ನ 2012ರ ಆವೃತ್ತಿಯಲ್ಲಿ ಎರಡು ಸ್ಟಾರ್ ಪಡೆದ ಮೊದಲ ಪಬ್ ಅದು. ಅಲ್ಲಿ ಮೇಜು ಸಿಗದಿದ್ದರೆ ಅದಿರುವ ವೆಸ್ಟ್ ಸ್ಟ್ರೀಟಿನಲ್ಲೇ ಅವರದೇ 'ದಿ ಕೋಚ್' ಇದೆ. ಮೀನು ಇಷ್ಟಪಡುವವರಿಗೆ ಕೆಂಟ್ ಕರಾವಳಿಯ ಸೀಸಾಲ್ಟರಿನಲ್ಲಿ 'ದಿ ಸ್ಪೋರ್ಟ್ಸ್‌ಮನ್'. ವಿಟ್‌ಸ್ಟಬಲ್ ನಿಲ್ದಾಣದಲ್ಲಿಳಿದು ಟ್ಯಾಕ್ಸಿ ಮಾಡಬೇಕು.

ಊರಾಚೆಯ ಪಬ್ಬಿಗೆ ಭಾನುವಾರ ಹೋಗುವವರು ಹಿಂದಿನ ರಾತ್ರಿ ನ್ಯಾಷನಲ್ ರೈಲ್ ವೆಬ್‌ಸೈಟ್ ನೋಡಲೇಬೇಕು. ಹಳಿ ದುರಸ್ತಿಯನ್ನು ಹೆಚ್ಚಾಗಿ ಭಾನುವಾರವೇ ಇಟ್ಟುಕೊಳ್ಳುತ್ತಾರೆ, ರೈಲಿನ ಬದಲು ಬಸ್ ಬಿಟ್ಟರೆ ಒಂದು ಗಂಟೆ ಹೆಚ್ಚು ಹಿಡಿಯುತ್ತದೆ, ಮೇಜು ಕೈತಪ್ಪುತ್ತದೆ. ಹಳ್ಳಿಗಳಲ್ಲಿ ಊಬರ್ ನಂಬಿ ಕೂರುವಂತಿಲ್ಲ. ಬಿಟ್ಟುಹೋಗುವ ಟ್ಯಾಕ್ಸಿಯವರಿಗೇ ವಾಪಸ್ ಬರುವ ಗಂಟೆ ಹೇಳಿ, ಅವರ ಫೋನ್ ನಂಬರ್ ಬರೆದುಕೊಂಡು ಇಳಿಯಿರಿ.