ಥಂಡಿ ಶೆಡ್ಡಿಗೆ ಯಾವ ಟೇಬಲ್ ಸಾ?

ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ನಾಲೆ ಬಯಲಲ್ಲಿ ಮರಗೆಲಸದ ಶೆಡ್ಡು ಹಾಕಿಕೊಂಡವರು ಟೇಬಲ್ ಸಾ (ಟೇಬಲ್ಲಿನ ಸಂದಿನಿಂದ ತಿರುಗುವ ಬ್ಲೇಡು ಮೇಲೆದ್ದಿರುವ ಗರಗಸದ ಮೆಷಿನ್) ಕೊಳ್ಳುವ ಮುಂಚೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಬೀಡಿನ (ಎರಕದ ಕಬ್ಬಿಣದ) ಟೇಬಲ್ ತುಕ್ಕು ಹಿಡಿಯುತ್ತಲ್ಲ, ಅಲ್ಯೂಮಿನಿಯಂದೇ ತಗೊಂಡ್ರೆ ಆಗಲ್ವಾ? ಆಗುತ್ತೆ. ಆದರೆ ತುಕ್ಕಿನ ಹೆದರಿಕೆಗೇ ಅದನ್ನು ತಗೊಳ್ಳಬೇಡಿ. ಟೇಬಲ್ ಮೇಲಿನ ತುಕ್ಕು ಕಣ್ಣಿಗೆ ಕಾಣುತ್ತದೆ, ಉಜ್ಜಿದರೆ ಹೋಗುತ್ತದೆ. ಮೆಷಿನ್ ಹಾಳಾಗುವುದು ಕಾಣದ ಕಡೆ: ಬ್ಲೇಡು ಏರಿಸಿ ಇಳಿಸುವ ಸ್ಕ್ರೂ, ಬಾಗಿಸುವ ಹಲ್ಲಿನ ಪಟ್ಟಿ, ಆರ್ಬರ್ (ಬ್ಲೇಡು ಕೂರುವ ದಂಡ) ತಿರುಗುವ ಬೇರಿಂಗ್, ಸ್ವಿಚ್ಚು, ಮೋಟರಿನ ವೈಂಡಿಂಗ್ (ಒಳಗಿನ ತಂತಿ ಸುರುಳಿ). ಅಲ್ಯೂಮಿನಿಯಂ ಟೇಬಲ್ಲಿನ ಸಾದಲ್ಲೂ ಇವೆಲ್ಲ ಕಬ್ಬಿಣ, ತಾಮ್ರವೇ.

ಮಳೆ ಒಳಗೆ ಬೀಳದಿದ್ದರೂ ಟೇಬಲ್ ಒದ್ದೆಯಾಗುವುದೇಕೆ ಎಂದು ತಿಳಿದುಕೊಂಡರೆ ಆಯ್ಕೆ ಸುಲಭ. ಗಾಳಿ 27 ಡಿಗ್ರಿ, ತೇವಾಂಶ ಶೇ. 75 ಇದ್ದರೆ, 22 ಡಿಗ್ರಿಗಿಂತ ತಣ್ಣಗಿರುವ ಯಾವ ಲೋಹದ ಮೇಲೂ ನೀರು ಕೂರುತ್ತದೆ. ರಾತ್ರಿಯೆಲ್ಲ ತಣ್ಣಗಾದ ದಪ್ಪ ಬೀಡು ಬೆಳಗ್ಗೆ ಬೇಗ ಬಿಸಿಯಾಗುವುದಿಲ್ಲ. ಶಟರ್ ಎತ್ತಿದ ಕೂಡಲೇ ಹೊರಗಿನ ಬೆಚ್ಚನೆಯ ಹಸಿಗಾಳಿ ಬಂದು ಅದಕ್ಕೆ ತಾಕುತ್ತದೆ, ಟೇಬಲ್ ಬೆವರುತ್ತದೆ. ಮೈಸೂರು, ಮಂಡ್ಯದಲ್ಲಿ ಈ ಕಾಟ ಜೂನ್-ಜುಲೈಗಿಂತ ಸೆಪ್ಟೆಂಬರ್-ಅಕ್ಟೋಬರಿನ ಮಳೆಯಲ್ಲಿ ಜಾಸ್ತಿ. ಗದ್ದೆ ಪಕ್ಕದ ಶೆಡ್ಡಾದರೆ ಮಂಜು ಬೀಳುವ ಬೆಳಗಿನಲ್ಲೂ ಉಂಟು.

ಹಾಗಾಗಿ ಮೊದಲು ನೋಡಬೇಕಾದ್ದು ನೀವು ಶೆಡ್ಡಿನ ಬಾಗಿಲನ್ನು ಎಷ್ಟು ದಿನಕ್ಕೊಮ್ಮೆ ತೆಗೆಯುತ್ತೀರಿ ಅನ್ನುವುದು. ದಿನಾ ಕೆಲಸ ನಡೆಯುವ ಕಡೆ ಬೀಡಿನ ಟೇಬಲ್, ಬೆಲ್ಟ್ ಮೇಲೆ ಓಡುವ, ಬ್ರಷ್ ಇಲ್ಲದ ಇಂಡಕ್ಷನ್ ಮೋಟರ್ ಇರುವ ಭಾರದ ಸಾ ಒಳ್ಳೆಯದು. ದಿನಾ ಕೈಯಾಡುವ ಕಬ್ಬಿಣಕ್ಕೆ ತುಕ್ಕು ಬೇಗ ಹತ್ತುವುದಿಲ್ಲ, ಭಾರಕ್ಕೆ ಅದುರುವುದೂ ಕಮ್ಮಿ. ಭಾನುವಾರಕ್ಕೊಮ್ಮೆ ಮಾತ್ರ ತೆಗೆಯುವ ತಗಡಿನ ಶೆಡ್ಡಿಗೆ 20-35 ಕೆಜಿ ತೂಕದ ಅಲ್ಯೂಮಿನಿಯಂ ಸಾ ಸಾಕು. ಕೆಲಸ ಮುಗಿದ ಮೇಲೆ ಎತ್ತಿ ಮನೆಯೊಳಗೆ ಇಡಬಹುದು, ಅದೇ ಅದರ ದೊಡ್ಡ ಗುಣ. ಅದರ ಮೋಟರ್ ಕಾರ್ಬನ್ ಬ್ರಷ್ಷಿನದು, ಹೊರಗಿನ ಗಾಳಿಯನ್ನೇ ಒಳಗೆಳೆದು ತಣ್ಣಗಾಗುತ್ತದೆ. ಅಂದರೆ ಥಂಡಿಯೂ ಹೊಟ್ಟೂ ಒಟ್ಟಿಗೆ ಒಳಹೋಗುತ್ತವೆ. ಬೀಟೆ, ಹೊನ್ನೆಯಂಥ ಗಟ್ಟಿ ಮರವನ್ನು ಎರಡು ಇಂಚು ದಪ್ಪದಲ್ಲಿ ದಿನವಿಡೀ ಸೀಳಿದರೆ ಇದು ಬಹಳ ದಿನ ಬಾಳುವುದಿಲ್ಲ.

ಇನ್ನು ಊರಲ್ಲೇ ವೆಲ್ಡ್ ಮಾಡಿಕೊಡುವ ಸಾ. ಆ್ಯಂಗಲ್ ಮೇಲೆ ಎಂಎಸ್ (ಮೆದು ಉಕ್ಕಿನ) ಪ್ಲೇಟ್, ಕೆಳಗೆ ಪ್ಲಮರ್ ಬ್ಲಾಕ್ (ಬೇರಿಂಗ್ ಕೂರಿಸುವ ಗೂಡು), ಪಕ್ಕದಲ್ಲಿ ಮೋಟರ್. ರಿಪೇರಿ ಸುಲಭ, ಬೇರಿಂಗ್ ಎಲ್ಲೆಂದರಲ್ಲಿ ಸಿಗುತ್ತದೆ. ಆದರೆ ವೆಲ್ಡಿಂಗ್ ಶಾಖಕ್ಕೆ ಪ್ಲೇಟು ಸೊಟ್ಟಗಾಗಿರುತ್ತದೆ. ನೇರ ಪಟ್ಟಿಯೊಂದನ್ನು ಮೂಲೆಯಿಂದ ಮೂಲೆಗೆ ಇಟ್ಟು, ಕೆಳಗೆ ಅರ್ಧ ಮಿಮೀ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿದರೆ ಅದು ಬೇಡ ಅನ್ನಿ. ಪುಲ್ಲಿ ಲೆಕ್ಕವನ್ನೂ ನೀವೇ ಮಾಡಿ. 2880 ಆರ್‌ಪಿಎಂ ಮೋಟರಿಗೆ ಐದೂವರೆ ಇಂಚಿನ ಪುಲ್ಲಿ, ಆರ್ಬರಿಗೆ ನಾಲ್ಕಿಂಚಿನದು ಹಾಕಿದರೆ ಬ್ಲೇಡು ಸುಮಾರು 3960 ಆರ್‌ಪಿಎಂನಲ್ಲಿ ತಿರುಗುತ್ತದೆ. 10 ಇಂಚಿನ ಬ್ಲೇಡಿಗೆ ಇದು ಸರಿಯಾದ ವೇಗ. ಬ್ಲೇಡಿನ ಮೇಲೆ ಅಚ್ಚು ಹಾಕಿರುವ ಗರಿಷ್ಠ ವೇಗವನ್ನು ಮಾತ್ರ ಮೀರಬಾರದು.

ಮೋಟರ್ ಪೂರ್ತಿ ಮುಚ್ಚಿದ್ದು, ಹಿಂದೆ ಫ್ಯಾನ್ ಇರುವುದು, ಐಪಿ 54 ಅಥವಾ 55 (ಧೂಳು, ನೀರು ತಡೆಯುವ ಮಟ್ಟದ ಗುರುತು) ಅಂತ ಪ್ಲೇಟಿನ ಮೇಲೆ ಬರೆದಿರುವುದನ್ನೇ ಕೇಳಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಮೋಟರನ್ನು ಹಾಗೇ ಚಾಲೂ ಮಾಡದೆ ಎಲೆಕ್ಟ್ರಿಷಿಯನ್ ಕೈಲಿ ಮೆಗ್ಗರ್ (ವೈಂಡಿಂಗಿನ ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿಸಿ. ರೀಡಿಂಗ್ ಒಂದು ಮೆಗಾಓಮಿಗಿಂತ ಕೆಳಗಿದ್ದರೆ ಒಣಗಿಸದೆ ಓಡಿಸಬಾರದು. 30 ಮಿಲಿಆ್ಯಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು), ಸರಿಯಾದ ಅರ್ಥಿಂಗ್ ಇಲ್ಲದೆ ಒದ್ದೆ ನೆಲದ ಮೇಲೆ ಈ ಕೆಲಸವೇ ಬೇಡ.

ಕರೆಂಟಿನ ವಿಷಯ ಹಳ್ಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಪಂಪ್‌ಸೆಟ್ಟುಗಳು ಓಡುವ ಹೊತ್ತಿಗೆ ವೋಲ್ಟೇಜು 230ರಿಂದ 180ಕ್ಕೆ ಇಳಿದರೆ ಇಂಡಕ್ಷನ್ ಮೋಟರಿನ ಎಳೆಯುವ ಶಕ್ತಿ ಶೇ. 60ರ ಆಸುಪಾಸಿಗೆ ಬೀಳುತ್ತದೆ, ಏಕೆಂದರೆ ಅದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಆಗ ಮರ ತಳ್ಳುತ್ತಾ ಹೋದರೆ ವೈಂಡಿಂಗ್ ಸುಡುತ್ತದೆ. ತ್ರೀ ಫೇಸ್ ಸಿಗುವ ಕಡೆ ಅದನ್ನೇ ತಗೊಳ್ಳಿ. ಸಿಂಗಲ್ ಫೇಸಿನಲ್ಲಿ 3 ಎಚ್‌ಪಿ ಮೋಟರ್ 15 ಆ್ಯಂಪ್ ಆಸುಪಾಸು ಎಳೆಯುತ್ತದೆ. 4 ಸ್ಕ್ವೇರ್ ಎಂಎಂ ತಾಮ್ರದ ವೈರ್, 20 ಆ್ಯಂಪ್ ಎಂಸಿಬಿ (ಲೋಡು ಮೀರಿದರೆ ಕಡಿಯುವ ಸ್ವಿಚ್ಚು) ಬೇಕು. ಎಲ್ಲಕ್ಕಿಂತ ಮುಖ್ಯ, ಬರೀ ಆನ್-ಆಫ್ ಸ್ವಿಚ್ಚಿನ ಬದಲು ಡಿಒಎಲ್ ಸ್ಟಾರ್ಟರ್ (ಹಸಿರು-ಕೆಂಪು ಗುಂಡಿಯ ಮೋಟರ್ ಸ್ಟಾರ್ಟರ್). ಕರೆಂಟು ಹೋದಾಗ ಅದು ಬಿಟ್ಟುಕೊಳ್ಳುತ್ತದೆ, ವಾಪಸು ಬಂದಾಗ ಸಾ ತಾನಾಗೇ ತಿರುಗುವುದಿಲ್ಲ. ಬ್ಲೇಡಿನ ಹತ್ತಿರ ಕೈಯಿಟ್ಟು ಹೊಟ್ಟು ತೆಗೆಯುತ್ತಿರುವಾಗ ಕರೆಂಟು ಬಂದರೆ ಏನಾದೀತು, ಯೋಚಿಸಿ.

ಥಂಡಿಗೂ ಬ್ಲೇಡಿನ ಹಿಂದೆ ನಿಲ್ಲುವ ತೆಳು ಉಕ್ಕಿನ ಪಟ್ಟಿಗೂ, ಅಂದರೆ ರೈವಿಂಗ್ ನೈಫಿಗೂ, ಸಂಬಂಧವಿದೆ ಅನ್ನುವುದು ಅನೇಕರ ಗಮನಕ್ಕೆ ಬಂದಿರುವುದಿಲ್ಲ. ತೇವಾಂಶ ಶೇ. 80ರಲ್ಲಿ ಬಹಳ ದಿನ ಇದ್ದ ಮರದೊಳಗೆ ಶೇ. 16ರಷ್ಟು ನೀರು ಇರುತ್ತದೆ, ಶೇ. 40ರ ಬೇಸಿಗೆಯಲ್ಲಿ ಅದೇ ಮರದಲ್ಲಿ ಶೇ. 8ಕ್ಕೂ ಕಮ್ಮಿ. ಹೊರಗೊಂದು ಒಳಗೊಂದು ಹದದಲ್ಲಿ ಒಣಗಿದ ಹಲಗೆಯನ್ನು ಸೀಳಿದಾಗ ಎರಡು ಸೀಳೂ ಬಾಗಿ ಬ್ಲೇಡಿನ ಹಿಂಭಾಗವನ್ನು ಕಚ್ಚುತ್ತವೆ, ಹಲಗೆ ನಿಮ್ಮ ಹೊಟ್ಟೆಗೇ ಎಗರುತ್ತದೆ. ಆ ಸಂದನ್ನು ತೆರೆದಿಡುವುದು ರೈವಿಂಗ್ ನೈಫ್. ಅದು ಬ್ಲೇಡಿನ ತಟ್ಟೆಗಿಂತ ದಪ್ಪ, ಹಲ್ಲಿನ ಅಗಲಕ್ಕಿಂತ ತೆಳು ಇರಬೇಕು: 3.2 ಮಿಮೀ ಹಲ್ಲು, 2.2 ಮಿಮೀ ತಟ್ಟೆಯಾದರೆ ಸುಮಾರು 2.6. ಬ್ಲೇಡಿನ ಜೊತೆಗೇ ಅದೂ ಏರಿಳಿಯಬೇಕು. ಅದಿಲ್ಲದ ಸಾ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಹಸಿ ಮರ ಸೀಳಲು 24 ಹಲ್ಲಿನ ಬ್ಲೇಡು. 60 ಹಲ್ಲಿನದು ಹಾಕಿದರೆ ಹೊಟ್ಟು ಹೊರಹೋಗಲು ಜಾಗ ಸಾಲದೆ ಮರ ಕರಕಲಾಗುತ್ತದೆ. ಬ್ಲೇಡಿನ ತೂತು 30 ಮಿಮೀ, 25.4 ಮಿಮೀ ಎರಡೂ ಅಂಗಡಿಯಲ್ಲಿ ಇರುತ್ತವೆ, ನಿಮ್ಮ ಆರ್ಬರ್ ಅಳತೆ ನೋಡಿಯೇ ತನ್ನಿ.

ಬೀಡಿನ ಟೇಬಲ್ ತಗೊಂಡಿರಾದರೆ ಆರೈಕೆ ಇಷ್ಟೇ. ಸಂಜೆ ಹೊಟ್ಟು ಗುಡಿಸದೆ ಹೋಗಬೇಡಿ. ಹೊಟ್ಟು ಗಾಳಿಯ ನೀರನ್ನು ಹೀರಿಕೊಂಡು ರಾತ್ರಿಯೆಲ್ಲ ಕಬ್ಬಿಣಕ್ಕೆ ಅಂಟಿಸಿಡುತ್ತದೆ. ಮತ್ತಿಯಂಥ ಒಗರಿನ ಮರವಾದರೆ ಕಪ್ಪು ಕಲೆಯೂ ಬೀಳುತ್ತದೆ. ಹಿಡಿದ ತುಕ್ಕಿಗೆ ಸೀಮೆಎಣ್ಣೆ, ಸ್ಕಾಚ್‌ಬ್ರೈಟ್. ಹೋಗದಿದ್ದರೆ ಮರದ ತುಂಡಿಗೆ ಸುತ್ತಿದ 400 ನಂಬರ್ ಉಪ್ಪುಕಾಗದ. ಮೇಲೆ ಟರ್ಪೆಂಟೈನಿನಲ್ಲಿ ಒರೆಸಿ, ಒಣಗಿದ ಮೇಲೆ ಗಟ್ಟಿ ಮೇಣ ತೆಳ್ಳಗೆ ಬಳಿದು ಉಜ್ಜಿ. ಕೊಬ್ಬರಿಎಣ್ಣೆ ಬೇಡ, ಜಿಗುಟಾಗಿ ಮರಕ್ಕೆ ಕಲೆ ಹತ್ತುತ್ತದೆ. ಸಿಲಿಕೋನ್ ಸ್ಪ್ರೇಯಂತೂ ಬೇಡವೇ ಬೇಡ, ಪಾಲಿಶ್ ಹಾಕುವಾಗ ಮೀನಿನ ಕಣ್ಣಿನಂಥ ಗುಳಿ ಏಳುತ್ತವೆ. ಒಳಗಿನ ಸ್ಕ್ರೂ, ಹಲ್ಲುಗಳಿಗೆ ಗ್ರೀಸ್ ಹಚ್ಚಿದರೆ ಹೊಟ್ಟು ಮೆತ್ತಿ ಗಾರೆಯಾಗುತ್ತದೆ. ಗ್ರಾಫೈಟ್ ಪುಡಿ ಅಥವಾ ಮೇಣ ಸಾಕು. ಪ್ಲಾಸ್ಟಿಕ್ ಟಾರ್ಪಾಲನ್ನು ಟೇಬಲ್ಲಿಗೆ ಅಂಟಿಕೊಳ್ಳುವಂತೆ ಹೊದಿಸಿದರೆ ಕೆಳಗೆ ನೀರು ಸಿಕ್ಕಿಕೊಳ್ಳುತ್ತದೆ. ಕ್ಯಾಬಿನೆಟ್ಟಿನೊಳಗೆ ಬಲ್ಬು ಉರಿಸಿಡುವ ಉಪಾಯ ಕೆಲಸ ಮಾಡುತ್ತದೆ ನಿಜ, ಆದರೆ ಹೊಟ್ಟು ಪೂರ್ತಿ ತೆಗೆಯದೆ ಬಿಸಿ ಬಲ್ಬು ಇಡುವುದು ಬೆಂಕಿಗೆ ದಾರಿ.

ಕ್ರಾಸ್‌ಕಟ್ ಸ್ಲೆಡ್ಡಿಗೆ (ಮರವನ್ನು ಅಡ್ಡಕ್ಕೆ ಕತ್ತರಿಸಲು ಟೇಬಲ್ ಮೇಲೆ ಜಾರುವ ಹಲಗೆ) ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಹಾಕಿದರೆ ಅಕ್ಟೋಬರಿಗೆ ಊದಿಕೊಂಡಿರುತ್ತದೆ. 12 ಮಿಮೀ ಐಎಸ್ 710 (ನೀರು ತಡೆಯುವ ಮರೈನ್) ಪ್ಲೈವುಡ್ ಬಳಸಿ. ಸ್ಲಾಟಿನಲ್ಲಿ ಓಡುವ ಪಟ್ಟಿ ಮರದ್ದಾದರೆ ಮಳೆಯಲ್ಲಿ ಬಿಗಿ, ಬೇಸಿಗೆಯಲ್ಲಿ ಸಡಿಲ. ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಅಥವಾ ಅಲ್ಯೂಮಿನಿಯಂ ಪಟ್ಟಿ ಹಾಕಿದರೆ ಆ ರಗಳೆಯಿಲ್ಲ.

ಹಳೆಯ ಮೆಷಿನ್ ನೋಡಲು ಹೋದರೆ ಟೇಬಲ್ಲಿನ ಬಣ್ಣಕ್ಕೆ ಮರುಳಾಗದೆ ಬ್ಲೇಡು ಏರಿಸುವ, ಬಾಗಿಸುವ ಎರಡು ಹಿಡಿಗಳನ್ನೂ ಕೊನೆಯಿಂದ ಕೊನೆಗೆ ತಿರುಗಿಸಿ ನೋಡಿ: ಎಲ್ಲಾದರೂ ಕಚ್ಚಿದರೆ ಒಳಗೆ ತುಕ್ಕಿದೆ. ಬೆಲ್ಟ್ ಬಿಚ್ಚಿಸಿ ಆರ್ಬರನ್ನು ಕೈಯಲ್ಲಿ ತಿರುಗಿಸಿ. ಗರಗರ ಅಂದರೆ ಬೇರಿಂಗಿನ ಖರ್ಚು ಕಳೆದು ಬೆಲೆ ಹೇಳಿ. ಆರ್ಬರಿನ ಬ್ಲೇಡು ಕೂರುವ ಮುಖದಲ್ಲೇ ತುಕ್ಕು ಗುಂಡಿ ತೋಡಿದ್ದರೆ ಬ್ಲೇಡು ಓಲಾಡುತ್ತದೆ, ಲೇತಿಗೆ ಹಾಕದೆ ಸರಿಹೋಗದು. ಅಂಥದ್ದು ಅರ್ಧ ಬೆಲೆಗೆ ಬಂದರೂ ದುಬಾರಿಯೇ.